ಬುತ್ತಿ ಕಟ್ಟಿಕೊಂಡು ಬಂದ ಶ್ರೋತೃಗಳು

ನಮ್ಮೂರಿನಲ್ಲಿ ಸಂಗೀತಗಾರನ ಯೋಗ್ಯತೆಯನ್ನು ಅಳೆಯುವುದು ಚಪ್ಪಾಳೆಯಿಂದಲ್ಲ, ಕೇಳಲು ಬಂದವರು ಕಟ್ಟಿಕೊಂಡು ಬಂದ ಬುತ್ತಿಯಿಂದ. ಜನ ಕೈಬೀಸಿಕೊಂಡು ಬಂದರೆ ಅವನು ವಿದ್ವಾಂಸ. ನೀರಿನ ಬಾಟಲಿ ತಂದರೆ ಪರವಾಗಿಲ್ಲ ಎನ್ನಬಹುದಾದ ಆಸಾಮಿ. ಚಪಾತಿ ಪಲ್ಯ ತಂದರೆ ಅವನು ಇನ್ನೂ ಕಲಿಯುವುದಿದೆ ಎಂದರ್ಥ. ನನ್ನ ಕಾರ್ಯಕ್ರಮಕ್ಕೆ ಉಳಿದ ಮೂವತ್ತೊಂದು ಜನರಲ್ಲಿ ಇಬ್ಬರು ಹಾಸಿಗೆ ಸುರುಳಿ ಹೊತ್ತು ತಂದಿದ್ದರು. ನಿವೃತ್ತ ತಹಶೀಲ್ದಾರರೊಬ್ಬರು ಬಿಪಿ ಮಾತ್ರೆಯ ಇಡೀ ಪಟ್ಟಿಯನ್ನೇ ಜೇಬಿನಲ್ಲಿಟ್ಟುಕೊಂಡು ಬಂದು, ಅದನ್ನು ನನಗೆ ತೋರಿಸಿ, "ನಿಮ್ಮನ್ನ ನಂಬಿ ಬಂದಿದ್ದೀನಪ್ಪ" ಅಂದರು.

ಕಾರಣ ಇಷ್ಟೇ. ನಮ್ಮೂರಿನಲ್ಲಿ ಒಂದು ಕೋಣೆಯೊಳಗೆ ಟ್ಯೂನು ಶುರುವಾದರೆ ಅದು ಮುಗಿಯುವ ತನಕ ಆ ಕೋಣೆಯ ಬಾಗಿಲು ತೆರೆಯುವುದಿಲ್ಲ. ಒದ್ದರೂ ಇಲ್ಲ, ಹಾರೆ ಹಾಕಿ ಮೀಟಿದರೂ ಇಲ್ಲ. ಸರಿಯಾಗಿ ಮುಗಿಯಿತೋ, ತಾನಾಗಿ ನಾಲ್ಕು ಬೆರಳು ತೆರೆದುಕೊಳ್ಳುತ್ತದೆ. ನಿಲ್ಲಿಸಿದರೆ ಸಾಲದು, ಮುಗಿಸಬೇಕು. ಹುಟ್ಟಿದಾಗಿನಿಂದ ಹೀಗೇ ಇರುವುದರಿಂದ ಇದಕ್ಕೆ ಯಾರೂ ತಲೆ ಕೆಡಿಸಿಕೊಂಡಿಲ್ಲ. ಹೋಟೆಲಿನ ಬಚ್ಚಲುಗಳಲ್ಲಿ 'ಒಳಗೆ ಗುನುಗಬೇಡಿ, ಹೊರಗೆ ಜನ ಕಾಯುತ್ತಿದ್ದಾರೆ' ಎಂಬ ಬೋರ್ಡಿದೆ. ಗಂಡನ ಜೊತೆ ಮಾತಾಡಿ ತೀರಿಸಲೇಬೇಕಾದ ವಿಷಯವಿದ್ದರೆ ಹೆಂಗಸರು ಅವನನ್ನು ಅಡುಗೆಮನೆಗೆ ಕರೆದು, ಒಂದು ಹಾಡಿನ ಪಲ್ಲವಿ ಹಾಡಿ ಸುಮ್ಮನಾಗುತ್ತಾರೆ. ಅವನು ಒಪ್ಪಿದ ಮೇಲೆಯೇ ಚರಣ. ಮಾತಿರುವ ಹಾಡಿನಲ್ಲಿ ಈ ಒಂದು ಅನುಕೂಲ, ಕೊನೆಯ ಸಾಲು ಯಾವುದೆಂದು ಎಲ್ಲರಿಗೂ ಗೊತ್ತು. ಮಾತಿಲ್ಲದ ಸಂಗೀತವೆಂದರೆ ಮಾತ್ರ ಊರಿಗೆ ಭಯ. ಅದರಲ್ಲೂ ಗಿಟಾರು, ಡ್ರಮ್ಮು, ಕರೆಂಟಿನ ಪೆಟ್ಟಿಗೆಗಳನ್ನಿಟ್ಟುಕೊಂಡು ಹಾಡೇ ಇಲ್ಲದ ರಾಕ್ ಬಾರಿಸುತ್ತೇವೆ, ಅದರಲ್ಲೂ ಪ್ರಯೋಗ ಮಾಡುತ್ತೇವೆ ಎಂದರೆ, ಬಾವಿಕಟ್ಟೆ ಹತ್ತಿ ನಿಂತವನನ್ನು ನೋಡುವ ಹಾಗೆ ನೋಡುತ್ತಾರೆ.

ಇಂಥ ಊರಿನಲ್ಲಿ ನನ್ನ ಕಸುಬು ಬೀಗ ರಿಪೇರಿ. ಮುಕುಂದನ ಅಂಗಡಿ ಎಂದರೆ ಯಾರಾದರೂ ತೋರಿಸುತ್ತಾರೆ, ತೋರಿಸುವಾಗ ಸ್ವಲ್ಪ ನಗುತ್ತಾರೆ. ಯಾರು ಹಾಕಿದ ಬೀಗವನ್ನಾದರೂ ನಾನು ತೆಗೆಯಬಲ್ಲೆ, ನಾನೇ ಹಾಕಿದ ಒಂದನ್ನು ಬಿಟ್ಟು. ಆ ಕಥೆ ಹನ್ನೊಂದು ವರ್ಷ ಹಿಂದಿನದು. ಆಗ ನನಗೆ ಹತ್ತೊಂಬತ್ತು, ಗಿಟಾರು ಕೊಂಡು ಎರಡು ತಿಂಗಳಾಗಿತ್ತು. ಆವತ್ತು ನನ್ನ ಅಕ್ಕ ಪ್ರಮೀಳೆಯ ಮದುವೆ. ಧಾರೆಗೆ ಇನ್ನೂ ಒಂದು ಗಂಟೆಯಿತ್ತು. ಮದುಮಗಳ ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಅವಳು ಕೈಬಳೆಗಳನ್ನು ತಿರುವುತ್ತಲೇ ಇದ್ದಳು. "ಏನಾದ್ರೂ ಬಾರ್ಸೋ, ಮನಸ್ಸು ಒಂದು ಕಡೆ ನಿಲ್ಲುತ್ತೆ" ಅಂದಳು. ನನಗೆ ಗೊತ್ತಿದ್ದ ಎರಡು ಹಾಡುಗಳಲ್ಲಿ ಒಂದನ್ನು ಬಾರಿಸಿದ್ದರೆ ಇವತ್ತು ನಾನೂ ಊರಲ್ಲಿ ತಲೆಯೆತ್ತಿ ನಡೆಯುತ್ತಿದ್ದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂಬಂತೆ ನಾನು ಸ್ವಂತದ್ದೊಂದನ್ನು ಶುರು ಮಾಡಿದೆ. ಶುರು ಚೆನ್ನಾಗಿಯೇ ಇತ್ತು. ಅಕ್ಕ ಕಣ್ಣು ಮುಚ್ಚಿ ಕೇಳಿದಳು, ಬಳೆ ತಿರುವುವುದು ನಿಂತಿತು. ಮುಗಿಸುವುದು ಹೇಗೆಂದು ನಾನು ಯೋಚಿಸಿರಲಿಲ್ಲ ಎಂಬುದು ನನಗೆ ತಿಳಿದದ್ದು ಮುಗಿಸಲು ಹೊರಟಾಗ.

ಮೂರು ಗಂಟೆ ಕಾಲ ನಾನು ಇಪ್ಪತ್ತು ಬಗೆಯಲ್ಲಿ ಮುಗಿಸಿದೆ. ಬಾಗಿಲು ಒಂದನ್ನೂ ಒಪ್ಪಲಿಲ್ಲ. ಕಿಟಕಿಯ ಸರಳಿನಾಚೆ ಮೊದಲು ಅಮ್ಮ ಬಂದು ನಿಂತಳು, ಆಮೇಲೆ ಪುರೋಹಿತರು, ಆಮೇಲೆ ಬಾಸಿಂಗ ಕಟ್ಟಿಕೊಂಡ ಭಾವ. ಮುಹೂರ್ತ ಮೀರಿತು. ಅಡಿಗೆಯವರು ಸಾರನ್ನು ಮೂರನೇ ಸಲ ಬಿಸಿಗಿಟ್ಟರು. ಕೊನೆಗೆ ಅಕ್ಕ, ಅರ್ಧ ಅಳುತ್ತ, ಮೂಗೊರೆಸಿಕೊಳ್ಳುತ್ತ, ಮೂರು ಸ್ವರ ಗುನುಗಿದಳು. ಮೇಲಿಂದ ಇಳಿದು ಮನೆ ಸೇರಿದಂಥ ಮೂರೇ ಸ್ವರ. ಬಾಗಿಲು ತೆರೆಯಿತು. ಮದುವೆ ಸಂಜೆಯ ಲಗ್ನದಲ್ಲಿ ಆಯಿತು. ಅಕ್ಕನ ಅತ್ತೆಮನೆಯವರು ಇವತ್ತಿಗೂ ಸಾರು ತಣ್ಣಗಿದ್ದರೆ ನನ್ನ ಹೆಸರು ಹೇಳುತ್ತಾರೆ.

ಆವತ್ತಿನಿಂದ ನಾನು ಗಿಟಾರು ಮುಟ್ಟಿದರೆ ಅಕ್ಕ ಕೋಣೆಯಲ್ಲಿ ನಿಲ್ಲುತ್ತಿರಲಿಲ್ಲ. ಹಾಗೆಂದು ಮಾತು ಬಿಟ್ಟವಳಲ್ಲ. ತವರಿಗೆ ಬಂದರೆ ನನಗೆಂದೇ ಮಾವಿನಮಿಡಿ ಉಪ್ಪಿನಕಾಯಿ ತರುವಳು, ಅಂಗಿಯ ಗುಂಡಿ ಹಾಕಿಕೊಡುವಳು. ಆದರೆ ಗೂಟದಿಂದ ಗಿಟಾರು ಇಳಿಸಿದೆನೋ, ಅವಳು ಎದ್ದು ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರುವಳು. ಊಟಕ್ಕೆ ಕೂತಾಗ ನಾನು ಸುಮ್ಮನೆ ಮೇಜಿನ ಮೇಲೆ ಬೆರಳು ಬಡಿದರೂ ತಟ್ಟೆ ಹಿಡಿದುಕೊಂಡು ಹೊಸಿಲಿನ ಹತ್ತಿರ ಹೋಗುವಳು. ಸಿಟ್ಟು ಆರಿಲ್ಲವೆಂದು ನಾನು ತಿಳಿದುಕೊಂಡೆ. ಅವಳ ಜಾಗದಲ್ಲಿ ನಾನಿದ್ದರೆ ನನಗೂ ಆರುತ್ತಿರಲಿಲ್ಲ.

ನಾನೂ ಹಟಮಾರಿಯೇ. ಅಕ್ಕನ ಮದುವೆಯ ವಾರವೇ ಅಮ್ಮ ಬಾಗಿಲು ಕೀಳಿಸಿದ್ದ ನನ್ನ ಕೋಣೆಯಲ್ಲಿ ಕೂತು, ಅದೇ ಟ್ಯೂನನ್ನು ಹನ್ನೊಂದು ವರ್ಷ ತಿದ್ದಿದೆ. ಮೂರು ನಿಮಿಷದ್ದು ಬೆಳೆದು ಇಪ್ಪತ್ತೆರಡು ನಿಮಿಷಕ್ಕೆ ಬಂತು. ಅದಕ್ಕೆ ನಲವತ್ತು ಮುಕ್ತಾಯಗಳನ್ನು ಬರೆದು ಹರಿದೆ, ನಲವತ್ತೊಂದನೆಯದನ್ನು ಇಟ್ಟುಕೊಂಡೆ. ಅಕ್ಕನ ಮೂರು ಸ್ವರವನ್ನು ಮಾತ್ರ ಅದರ ಹತ್ತಿರ ಸುಳಿಯಗೊಡಲಿಲ್ಲ. ನನ್ನ ಟ್ಯೂನನ್ನು ಮುಗಿಸಲು ಬ್ಲೌಸು ಹೊಲಿದು ಬದುಕುವ ಅಕ್ಕನ ಸಹಾಯ ಯಾಕೆ ಎಂಬುದು ನನ್ನ ವಾದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಹನ್ನೊಂದು ವರ್ಷ ಬಾಗಿಲು ಡೊಂಕು ಅಂದುಕೊಂಡೇ ಬಂದೆ.

ಈ ನಡುವೆ ಜೊತೆಗೆ ಇಬ್ಬರು ಸಿಕ್ಕಿದರು. ಡ್ರಮ್ಮು ಬಾರಿಸಲು, ಬೋರ್ಡು ಬರೆಯುವ ಕಸುಬಿನ ಸಿಲ್ವೆಸ್ಟರ್. ಇನ್ನೊಬ್ಬರು ಅಂಚೆ ಕಚೇರಿಯಿಂದ ನಿವೃತ್ತರಾದ ರಮಾಮಣಿ ಮೇಡಂ. ಅವರು ಹಾರ್ಮೋನಿಯಂಗೆ ಮೈಕು ಸಿಕ್ಕಿಸಿ, ಆ ಸದ್ದನ್ನು ಒಡೆದು ಕರಕಲು ಮಾಡುವ ಪೆಟ್ಟಿಗೆಯೊಂದರ ಮೂಲಕ ಹಾಯಿಸುತ್ತಿದ್ದರು. ಮೂವತ್ತು ವರ್ಷ ಅಂಚೆ ಮುದ್ರೆ ಒತ್ತಿದ್ದಕ್ಕೆ ಇದು ಪರಿಹಾರ ಎನ್ನುತ್ತಿದ್ದರು. ನಮ್ಮ ಬ್ಯಾಂಡಿಗೆ 'ಕಬ್ಬಿಣದ ಕಡಲೆ' ಎಂದು ಹೆಸರಿಟ್ಟೆವು. ತಾಲೀಮು ನಡೆಸುತ್ತಿದ್ದುದು ಹಳೆಯ ಇಟ್ಟಿಗೆ ಗೂಡಿನ ಶೆಡ್ಡಿನಲ್ಲಿ. ಅದನ್ನು ಆರಿಸಿದ್ದು ನಾನೇ, ಏಕೆಂದರೆ ಅದಕ್ಕೆ ಬಾಗಿಲಿರಲಿಲ್ಲ. ಸಿಲ್ವೆಸ್ಟರ್ ಒಂದೆರಡು ಸಲ ಹೇಳಿದ: "ಒಂದ್ಸಲ ಬಾಗ್ಲಿರೋ ಕಡೆ ಟೆಸ್ಟ್ ಮಾಡಣ ಮುಕುಂದ, ಸುಮ್ನೆ ಒಂದು ಧೈರ್ಯಕ್ಕೆ." ನಾನು ಬೀಗದ ಕಸುಬಿನವನ ಗತ್ತಿನಲ್ಲಿ, "ಬಾಗ್ಲ ವಿಷ್ಯ ನನಗೆ ಹೇಳ್ಕೊಡಬೇಡ" ಅಂದೆ. ಈ ಮಾತನ್ನು ಅವನು ಆಮೇಲೆ ಬೋರ್ಡು ಬರೆದು ನನಗೆ ಕೊಟ್ಟ. ಅಂಗಡಿಯಲ್ಲಿ ತೂಗುಹಾಕಿದ್ದೇನೆ.

ಕಾರ್ಯಕ್ರಮವನ್ನು ಬಾಗಿಲು ಮುಚ್ಚಿಯೇ ನಡೆಸಬೇಕು, ಅದಕ್ಕೆ ಪುರಸಭೆಯ ಅನುಮತಿ ಬೇಕು, ಅನುಮತಿಗೆ ಮುಕ್ತಾಯದ ಜಾಮೀನು ಬೇಕು. ಅಂದರೆ ಊರಿನ ಒಬ್ಬರು ಮುಂದೆ ಬಂದು, ಇಷ್ಟು ನಿಮಿಷದೊಳಗೆ ಇವರು ಮುಗಿಸುತ್ತಾರೆ ಎಂದು ಸಹಿ ಹಾಕಿ, ಜನರ ಜೊತೆ ಒಳಗೇ ಕೂರಬೇಕು. ಹೊತ್ತು ಮೀರಿದರೆ ಅವರ ಹೆಸರನ್ನು ಪುರಸಭೆಯ ಗಡಿಯಾರದ ಕೆಳಗಿನ ಫಲಕದಲ್ಲಿ 'ಮಾತಿಗೆ ತಪ್ಪಿದವರು' ಎಂದು ಒಂದು ವರ್ಷ ಬರೆದಿಡುತ್ತಾರೆ. ನಾನು ಏಳು ಜನರನ್ನು ಕೇಳಿದೆ. ಆರು ಜನ ನೆವ ಹೇಳಿದರು, ಏಳನೆಯವನು ಪಾಪ ನೆವ ಹುಡುಕಲು ಕಷ್ಟಪಟ್ಟು ಕಾಫಿ ಕೊಡಿಸಿ ಕಳಿಸಿದ. ಅಕ್ಕನನ್ನು ಕೇಳುವ ಮುಖ ನನಗಿರಲಿಲ್ಲ. ಅವಳಾಗಿಯೇ ಒಂದು ದಿನ ತುಕ್ಕು ಹಿಡಿದ ಬೀಗವೊಂದನ್ನು ಹಿಡಿದು ಅಂಗಡಿಗೆ ಬಂದಳು. ಬೀಗವನ್ನು ಮೇಜಿನ ಮೇಲಿಟ್ಟು, "ಆ ಕಾಗದ ಎಲ್ಲಿ ಕೊಡು" ಅಂದಳು.

"ಅಕ್ಕಾ, ಯೋಚನೆ ಮಾಡು. ನಿನ್ನ ಹೆಸರು ಫಲಕಕ್ಕೆ ಬರುತ್ತೆ."

"ನಿನ್ನಿಂದ ಕೆಡೋಕೆ ನನ್ ಹೆಸ್ರಲ್ಲಿ ಇನ್ನೇನು ಉಳ್ದಿದ್ಯೋ. ಎಷ್ಟು ನಿಮಿಷ ಅಂತ ಬರೀಲಿ?"

"ನಲವತ್ತು."

ಅವಳು ನಲವತ್ತು ಎಂದು ಬರೆದು ಸಹಿ ಹಾಕಿದಳು. ಹಗುರವಾಗಿ ಮಾತಾಡಿದಳು ನಿಜ, ಆದರೆ ಅವಳ ಬದುಕೇ ಆ ಹೆಸರಿನ ಮೇಲೆ ನಿಂತಿತ್ತು. ಗುರುವಾರ ಬ್ಲೌಸು ಕೊಡುತ್ತೇನೆಂದರೆ ಗುರುವಾರವೇ ಕೊಡುವ ಟೈಲರು ನಮ್ಮೂರಿನಲ್ಲಿ ಅವಳೊಬ್ಬಳೇ. ಮಾತಿಗೆ ತಪ್ಪಿದವರ ಫಲಕದಲ್ಲಿ ಅವಳ ಹೆಸರು ಬಂದರೆ, ಉಳಿದ ಟೈಲರುಗಳೆಲ್ಲ ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಆ ಬೀಗವನ್ನು ನಾನು ಒಂದು ನಿಮಿಷದಲ್ಲಿ ತೆರೆದುಕೊಟ್ಟೆ. ನನಗೆ ಬರುವುದು ಅಷ್ಟೇ ತಾನೆ.

ಭಾನುವಾರ ಮಧ್ಯಾಹ್ನ ಮೂರಕ್ಕೆ ಹಿಟ್ಟಿನ ಗಿರಣಿಯ ಮೇಲಿನ ಹಾಲಿನಲ್ಲಿ ಕಾರ್ಯಕ್ರಮ. ಗಿರಣಿಗೆ ಆವತ್ತು ರಜೆ. ಹಾಲಿನಲ್ಲಿ ಅರವತ್ತು ಕುರ್ಚಿ, ಎರಡು ಫ್ಯಾನು, ತೊಲೆಯ ಮೇಲೆಲ್ಲ ವರ್ಷಗಟ್ಟಲೆ ಕೂತ ರಾಗಿಹಿಟ್ಟು. ಮೊದಲು ಬಾರಿಸಿದವರು 'ಮೂರು ಮುಕ್ಕಾಲು' ಎಂಬ ಇನ್ನೊಂದು ಬ್ಯಾಂಡು. ಅದರ ಮುಖಂಡ ಲೀಲಾಧರ ಮಾಸ್ತರು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಾರೆ. ಅವರೂ ಪ್ರಯೋಗ ಮಾಡುವವರೇ, ಮೂರು ಮುಕ್ಕಾಲು ಮಾತ್ರೆಯ ತಾಳ, ತಂತಿಯ ಮೇಲೆ ಸ್ಕ್ರೂಡ್ರೈವರ್ ಉಜ್ಜುವುದು, ಎಲ್ಲ ಇತ್ತು. ಆದರೆ ಒಂದೊಂದು ಟ್ಯೂನು ಸರಿಯಾಗಿ ನಾಲ್ಕು ನಿಮಿಷ. ಕೊನೆಯ ಪೆಟ್ಟು ಬಿದ್ದ ಕೂಡಲೇ ಬಾಗಿಲು ತೆರೆಯಿತು, ಅವರು ಅದನ್ನು ಮತ್ತೆ ಮುಚ್ಚಿಸಿ ಮುಂದಿನದನ್ನು ಶುರು ಮಾಡಿದರು. ಹೀಗೆ ಐದು ಸಲ. ಜನ ಕೈಬೀಸಿಕೊಂಡು ಬಂದವರು ಕೈಬೀಸಿಕೊಂಡೇ ಇಳಿದು ಹೋದರು. ಮಾಸ್ತರು ನನ್ನ ಬೆನ್ನು ತಟ್ಟಿ, "ಟೀ ಕುಡಿದು ಬರ್ತೀವಿ, ನೀವು ಶುರು ಮಾಡಿ" ಎಂದು ಹೇಳಿ ಹೋದವರು, ಈ ಬರಹ ಬರೆಯುವ ಹೊತ್ತಿಗೂ ಬಂದಿಲ್ಲ.

ಉಳಿದ ಮೂವತ್ತೊಂದು ಜನ ಬುತ್ತಿಯವರು. ನನ್ನ ಸಂಗೀತ ಕೇಳಲು ಉಳಿದರೆಂದು ನಾನು ಹೇಳಲಾರೆ. ಹನ್ನೊಂದು ವರ್ಷ ಹಿಂದಿನ ಕಥೆಯ ಎರಡನೇ ಭಾಗ ಕಣ್ಣೆದುರು ನಡೆಯುವಾಗ ಮನೆಗೆ ಹೋಗಲು ಯಾರಿಗೆ ಮನಸ್ಸು ಬರುತ್ತದೆ? ಕೊನೆಯದಾಗಿ ಮೆಟ್ಟಿಲು ಹತ್ತಿ ಬಂದವಳು ಅಕ್ಕ. ಅವಳ ಕೈಯಲ್ಲಿ ನಾಲ್ಕು ಡಬ್ಬಿಯ ಟಿಫಿನ್ ಕ್ಯಾರಿಯರ್ ಇತ್ತು. ಊರವರು ಹಾಸಿಗೆ ತಂದರೂ ತಡೆದುಕೊಂಡಿದ್ದೆ. ಜಾಮೀನು ಹಾಕಿದವಳೇ ಬುತ್ತಿ ತರುವುದೆಂದರೆ, ವಕೀಲ ಕೋರ್ಟಿಗೆ ಬರುವಾಗ ಕಕ್ಷಿದಾರನಿಗೆ ಜೈಲಿನ ಕಂಬಳಿ ತಂದ ಹಾಗೆ. ಅವಳು ನನ್ನನ್ನು ನೋಡದೆ ಬಾಗಿಲ ಪಕ್ಕದ ಜಾಮೀನಿನ ಕುರ್ಚಿಯಲ್ಲಿ ಕೂತು, ಕ್ಯಾರಿಯರನ್ನು ಕಾಲ ಹತ್ತಿರ ಇಟ್ಟುಕೊಂಡಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ ನಾವಿಬ್ಬರೂ ಗಿಟಾರೂ ಒಂದೇ ಕೋಣೆಯಲ್ಲಿದ್ದೆವು. ಪುರಸಭೆಯ ಗುಮಾಸ್ತರು ಗಡಿಯಾರ ಹಿಡಿದು ಹೊರಗೆ ಕೂತರು. ಅನುಭವಸ್ಥರು, ಒಳಗೆ ಬರುವ ತಪ್ಪು ಮಾಡಲಿಲ್ಲ.

ಶುರು ಮಾಡಿದೆವು. ಮೊದಲ ಎಂಟು ನಿಮಿಷ ಒಂದೇ ಸ್ವರ, ಅದರ ಸುತ್ತ ಮೇಡಂ ಅವರ ಹಾರ್ಮೋನಿಯಂ ಹಳೆಯ ಲಾರಿಯ ಹಾಗೆ ಏದುಸಿರು ಬಿಡುತ್ತಿತ್ತು. ಆಮೇಲೆ ಸಿಲ್ವೆಸ್ಟರ್ ಸೇರಿದ. ಹದಿನಾರನೆಯ ನಿಮಿಷಕ್ಕೆ ಮೂವರೂ ಏರಿದೆವು, ತೊಲೆಯ ಮೇಲಿನ ರಾಗಿಹಿಟ್ಟು ಉದುರತೊಡಗಿತು. ಎಲ್ಲರ ತಲೆಯೂ ಬೂದಿ ಬಣ್ಣವಾಯಿತು. ನನ್ನ ಆತ್ಮಗೌರವಕ್ಕಾಗಿ ಇದೊಂದನ್ನು ಹೇಳಲೇಬೇಕು, ಆ ಆರು ನಿಮಿಷ ಯಾರೂ ಬುತ್ತಿಯ ಕಡೆ ನೋಡಲಿಲ್ಲ. ತಹಶೀಲ್ದಾರರ ಬಾಯಿ ತೆರೆದೇ ಇತ್ತು, ಒಳಗೆ ಹಿಟ್ಟು ಬೀಳುತ್ತಿತ್ತು. ಇಪ್ಪತ್ತೆರಡನೆಯ ನಿಮಿಷದಲ್ಲಿ ನಾನು ನಲವತ್ತೊಂದನೆಯ ಮುಕ್ತಾಯವನ್ನು ಬಾರಿಸಿದೆ. ಭವ್ಯವಾಗಿತ್ತು. ಸದ್ದು ಅಡಗಿತು. ಎಲ್ಲರೂ ಬಾಗಿಲ ಕಡೆ ತಿರುಗಿದರು.

ಬಾಗಿಲು ಅಲ್ಲಾಡಲಿಲ್ಲ.

ಮೇಡಂ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ನಾನು ಏನೂ ಆಗದವನಂತೆ ಅದನ್ನೇ ಇನ್ನೊಮ್ಮೆ, ಜೋರಾಗಿ ಬಾರಿಸಿದೆ. ಬಾಗಿಲಿಗೆ ಕಿವಿ ಮಂದವಿರಬಹುದೆಂಬ ಆಸೆ. ಆಮೇಲೆ ಹದಿನೇಳನೆಯದು, ಮೂವತ್ತನೆಯದು, ಹರಿದುಹಾಕಿದವುಗಳಲ್ಲಿ ನೆನಪಿದ್ದವೆಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆ ಎಂಬಂತೆ, ನಾನು ಮುಗಿಸಲು ನೋಡಿದರೆ ಸಿಲ್ವೆಸ್ಟರ್ ಹೊಸದಾಗಿ ಶುರು ಮಾಡುತ್ತಿದ್ದಾನೆಂದು ತಿಳಿದು ತಾಳ ಹಿಡಿಯುತ್ತಿದ್ದ. ಮೂವತ್ತನೆಯ ನಿಮಿಷಕ್ಕೆ ಮೊದಲ ಡಬ್ಬಿಯ ಮುಚ್ಚಳದ ಸದ್ದು ಕೇಳಿಸಿತು. ಅದಾದ ಮೇಲೆ ಎಲ್ಲ ಕಡೆಯಿಂದ. ಹಾಲಿನಲ್ಲಿ ಪುಳಿಯೋಗರೆಯ ವಾಸನೆ ತುಂಬಿತು. ತಹಶೀಲ್ದಾರರು ನನ್ನ ಸಂಗೀತಕ್ಕೆ ಭಂಗ ಬಾರದಂತೆ ಮೆಲ್ಲಗೆ, "ಉಪ್ಪಿನ್ಕಾಯಿ ಈ ಕಡೆ ದಾಟ್ಸಿ" ಅಂದರು. ಹಾಸಿಗೆ ತಂದವರಲ್ಲಿ ಒಬ್ಬ ಸುರುಳಿಯ ಹಗ್ಗ ಬಿಚ್ಚಿದ.

ಡಬ್ಬಿ ತೆರೆಯದೆ ಕೂತಿದ್ದವಳು ಅಕ್ಕ ಒಬ್ಬಳೇ. ಅವಳ ತುಟಿ ಬಿಗಿದುಕೊಂಡಿತ್ತು. ಗುಮಾಸ್ತರು ಹೊರಗಿನಿಂದ, "ಮೂವತ್ತೈದು" ಎಂದು ಕೂಗಿದರು. ಇನ್ನೇನು ಅವಳು ಆ ಮೂರು ಸ್ವರ ಗುನುಗುತ್ತಾಳೆ, ತನ್ನ ಹೆಸರು ಉಳಿಸಿಕೊಳ್ಳುತ್ತಾಳೆ, ಜೊತೆಗೆ ನನ್ನ ಮಾನ ಎರಡನೇ ಸಲ ಕಳೆಯುತ್ತಾಳೆ ಎಂದು ಕಾದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಅವಳು ಗುನುಗಲಿ ಎಂದು ಹಾರೈಸಿದೆ ಕೂಡ, ಆಗ ಸೋತದ್ದು ನಾನಲ್ಲ, ಅವಳು ಅಡ್ಡ ಬಂದಳು ಎನ್ನಬಹುದಿತ್ತಲ್ಲ. "ಮೂವತ್ತೆಂಟು." ಅಕ್ಕ ಸೆರಗಿನ ತುದಿಯನ್ನು ಬಾಯಿಗೆ ಒತ್ತಿ ಹಿಡಿದಳು. ಬಾಯಿಗೆ ಬಂದದ್ದನ್ನು ಅವಳು ತಡೆದುಕೊಳ್ಳುತ್ತಿದ್ದಾಳೆಂದು ನನಗೆ ಆಗ ಹೊಳೆಯಿತು. ಹೆಸರು ಹೋದರೂ ಸರಿ, ಗುನುಗಬಾರದೆಂದು ಅವಳು ತೀರ್ಮಾನಿಸಿ ಬಂದಿದ್ದಳು. "ಮೂವತ್ತೊಂಬತ್ತು" ಎಂದು ಗುಮಾಸ್ತರು ಹೇಳಿದಾಗ ನನಗೆ ಫಲಕ ಕಂಡಿತು, ಅದರ ಮೇಲೆ ಪ್ರಮೀಳಾ ಎಂದು ಬರೆದದ್ದು ಕಂಡಿತು. ಅದನ್ನು ಬರೆಯುವ ಕೆಲಸವೂ ಸಿಲ್ವೆಸ್ಟರನದೇ.

ನಾನು ಕೈಸನ್ನೆ ಮಾಡಿ ಇಬ್ಬರನ್ನೂ ನಿಲ್ಲಿಸಿದೆ. ಪೆಟ್ಟಿಗೆಗಳನ್ನೆಲ್ಲ ಕಾಲಿನಿಂದ ಆರಿಸಿದೆ. ಬರಿಯ ತಂತಿಯ ಮೇಲೆ ಅಕ್ಕನ ಮೂರು ಸ್ವರ ಬಾರಿಸಿದೆ. ಮೂರನೆಯದು ಇನ್ನೂ ಕಿವಿಯಲ್ಲಿರುವಾಗಲೇ ಬಾಗಿಲು ನಾಲ್ಕು ಬೆರಳು ತೆರೆದುಕೊಂಡು, ಸಂಜೆಯ ಬಿಸಿಲು ಒಳಗೆ ಬಂತು.

ಜನ ಎದ್ದರು. ತಪ್ಪು ತಿಳಿಯಬೇಡಿ, ಚಪ್ಪಾಳೆ ತಟ್ಟಿದರು, ಆದರೆ ನಡೆಯುತ್ತ ತಟ್ಟಿದರು. ತಹಶೀಲ್ದಾರರು ಮಾತ್ರೆಯ ಪಟ್ಟಿಯನ್ನು ಮತ್ತೆ ತೋರಿಸಿ, ಒಂದೇ ಒಂದು ಖರ್ಚಾಯಿತೆಂದು ಅಭಿನಂದಿಸಿದರು. ಸಿಲ್ವೆಸ್ಟರ್ ಮತ್ತು ಮೇಡಂ ಕೂಡ ಟೀ ಎಂದುಕೊಂಡು ಇಳಿದರು. ಎರಡು ನಿಮಿಷದಲ್ಲಿ ಕುರ್ಚಿಗಳೆಲ್ಲ ಖಾಲಿಯಾದವು. ಅಕ್ಕನೂ ಎದ್ದಳು, ಬಾಗಿಲಿಗೆ ಹೋದಳು. ಹೋಗಲಿ, ಹೆಸರಾದರೂ ಉಳಿಯಿತಲ್ಲ ಎಂದು ನಾನು ತಂತಿ ಸಡಿಲಿಸಲು ಬಗ್ಗಿದೆ. ಚಿಲಕದ ಸದ್ದು ಕೇಳಿ ತಲೆಯೆತ್ತಿದರೆ, ಅವಳು ಒಳಗಿನಿಂದ ಅಗುಳಿ ಹಾಕುತ್ತಿದ್ದಳು.

"ಯಾಕಕ್ಕಾ ಗುನುಗ್ಲಿಲ್ಲ? ಇನ್ನೊಂದು ನಿಮಿಷ ಆಗಿದ್ರೆ ನಿನ್ನ ಹೆಸರು ಹೋಗ್ತಿತ್ತು."

ಅವಳು ಮೊದಲ ಸಾಲಿನ ಕುರ್ಚಿಯ ಮೇಲಿನ ಹಿಟ್ಟನ್ನು ಸೆರಗಿನಿಂದ ಕೊಡವಿ, ನನ್ನೆದುರು ಕೂತಳು. "ಆವತ್ತು ಗುನುಗಿದಾಗ ನಿನ್ನ ಮುಖ ನೋಡಿದ್ದೆ ಕಣೋ. ಬಾಗ್ಲು ತೆಗೀತು ಅಂತ ಎಲ್ರೂ ಕುಣೀತಿದ್ರು, ನಿನ್ ಮುಖ ಇಷ್ಟೇ ಇಷ್ಟಾಗಿತ್ತು. ಮದುವೆ ತಡವಾಗಿದ್ದು ನಂಗೆ ನೆನಪೂ ಇಲ್ಲ. ಅದು ಮಾತ್ರ ಮರೀಲಿಲ್ಲ."

"ಮತ್ತೆ ನಾನು ಗಿಟಾರು ತಗೊಂಡ್ರೆ ಎದ್ದು ಹೋಗ್ತಿದ್ದೆಯಲ್ಲ."

"ಒಳಗೆ ಕೂತ್ರೆ ಬಾಯಿಗೆ ಬಂದ್ಬಿಡುತ್ತೆ. ನೀನು ತಡವರಿಸ್ತಿದ್ರೆ ನಂಗೆ ತಡ್ಕೊಳಕ್ಕಾಗಲ್ಲ. ಅದಕ್ಕೇ ಹಿತ್ತಲಿಗೆ ಹೋಗ್ತಿದ್ದೆ. ಕಲ್ಲಿನ ಮೇಲೆ ಕೂತ್ರೆ ಎಲ್ಲ ಕೇಳ್ಸುತ್ತೆ."

ಹನ್ನೊಂದು ವರ್ಷ ನಾನು ಕೋಣೆಯಲ್ಲಿ ಒಬ್ಬನೇ ಕೂತು, ನನ್ನನ್ನು ಕೇಳುವವರಿಲ್ಲ ಎಂದು ಮರುಗಿದ್ದೆ. ಗೋಡೆಯಾಚೆ ಒಬ್ಬಳು ಬಿಸಿಲಲ್ಲಿ ಕೂತು, ಬಾಯಿಗೆ ಸೆರಗು ಒತ್ತಿಕೊಂಡು ನಲವತ್ತೊಂದನ್ನೂ ಕೇಳಿದ್ದಳು. ನನಗೆ ಅಳು ಬಂತು. ಹಿಟ್ಟು ಬಿದ್ದ ಮುಖದ ಮೇಲೆ ಕಣ್ಣೀರು ಇಳಿದರೆ ಹೇಗೆ ಕಾಣುತ್ತದೆಂದು ನೀವೇ ಊಹಿಸಿಕೊಳ್ಳಿ. ಅಕ್ಕ ನಗಲಿಲ್ಲ.

"ಈಗ ಬಾರ್ಸಿದ್ಯಲ್ಲ, ಆ ಮೂರು ನಂದು" ಅಂದಳು. "ನಿಂದು ಬಾರ್ಸು."

"ನಂಗೆ ಮುಗ್ಸಕ್ಕೆ ಬರಲ್ಲಕ್ಕ."

ಅವಳು ಕ್ಯಾರಿಯರನ್ನು ಎಳೆದುಕೊಂಡು, ಅದರ ಕೊಂಡಿ ಸಡಿಲಿಸಿ, ಡಬ್ಬಿಗಳನ್ನು ಒಂದೊಂದಾಗಿ ಪಕ್ಕದ ಕುರ್ಚಿಗಳ ಮೇಲೆ ಜೋಡಿಸಿದಳು. ಇಬ್ಬರಿಗೆ ಎರಡು ಹೊತ್ತಿಗಾಗುವಷ್ಟಿತ್ತು. ನಾಲ್ಕನೆಯದರಲ್ಲಿ ಮಾವಿನಮಿಡಿ.

"ಗೊತ್ತು ಕಣೋ. ಸೋಮವಾರ ಕೊಡೋ ಬಟ್ಟೆನೆಲ್ಲ ಶನಿವಾರವೇ ಕೊಟ್ಟು ಬಂದಿದ್ದೀನಿ."